ಪಕ್ಕೆಲುಬು ಮೆತ್ತಗಾಗುವವರೆಗೆ

ಕುರಿಯ ಪಕ್ಕೆಲುಬನ್ನು ಮನೆಯಲ್ಲಿ ಬೇಯಿಸಲು ನಾಲ್ಕು ದಾರಿಗಳಿವೆ. ನಾಲ್ಕನ್ನೂ ಒಂದೇ ತಿಂಗಳಲ್ಲಿ ಮಾಡಿ ನೋಡಿದ್ದೇನೆ, ಮಾಡಿದ್ದನ್ನೆಲ್ಲ ಒಬ್ಬಳೇ ಕೂತು ತಿಂದಿದ್ದೇನೆ. ಹಾಗಾಗಿ ಈ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಲು ಬಂದರೆ ನನಗೆ ಸಿಟ್ಟು ಬರುತ್ತದೆ. ಬೇರೆ ವಿಷಯಗಳಿಗೂ ಬರುತ್ತದೆ, ಆ ಮಾತು ಬಿಡಿ.

ಇಷ್ಟೆಲ್ಲ ಮಾಡಿದ್ದು ಅಣ್ಣನಿಗಾಗಿ. ನನಗಿರುವುದು ಅವನೊಬ್ಬನೇ. ನಾನು ಮದುವೆಯಾಗಲಿಲ್ಲ, ಅವನಿಗೆ ಮಕ್ಕಳಾಗಲಿಲ್ಲ. ಅತ್ತಿಗೆ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅಂದಿನಿಂದ ಪ್ರತಿ ಭಾನುವಾರ ಹನ್ನೆರಡರ ಬಸ್ಸಿಗೆ ಅವನು ನಮ್ಮ ಮನೆಗೆ ಬರುವುದು, ಇಬ್ಬರೂ ಪಕ್ಕೆಲುಬು ತಿನ್ನುವುದು, ತಟ್ಟೆಯಂಚಿಗೆ ಮೂಳೆ ಪೇರಿಸಿಕೊಂಡು ಯಾರು ಹೆಚ್ಚು ತಿಂದರು ಅಂತ ಜಗಳವಾಡುವುದು. ಅವನು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವನು. ಮೂವತ್ತೈದು ವರ್ಷ ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಂಡ ಮನುಷ್ಯ. ಉಪ್ಪು ಒಂದು ಹರಳು ಕಮ್ಮಿಯಾದರೂ "ಇದೇನೇ ಇದು, ಆಸ್ಪತ್ರೆ ಊಟನಾ?" ಅನ್ನುತ್ತಿದ್ದ. "ಬಿಟ್ಟಿ ಊಟಕ್ಕೆ ಬಾಯಿ ಬೇರೆ ಕೇಡು" ಅಂತ ನಾನೂ ಅನ್ನುತ್ತಿದ್ದೆ. ವಾರಕ್ಕೊಂದು ದಿನ ನಮ್ಮ ಮನೆಯಲ್ಲಿ ಎರಡು ದನಿ ಕೇಳುತ್ತಿತ್ತು.

ಹೋದ ವರ್ಷ ಅವನ ಬಾಯಲ್ಲಿ ಉಳಿದಿದ್ದ ಆರು ಹಲ್ಲುಗಳನ್ನೂ ಕಿತ್ತರು. ಹೊಸ ಸೆಟ್ಟು ನಾನೇ ಮಾಡಿಕೊಟ್ಟೆ, ಅದೇ ನನ್ನ ಕಸುಬು. ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಲ್ಯಾಬಿನಲ್ಲಿ ಕೂತು ಅದಕ್ಕೆ ಹಲ್ಲು ಜೋಡಿಸಿ ಕೊಡುತ್ತೇನೆ. ನಲವತ್ತು ವರ್ಷದಲ್ಲಿ ಎಷ್ಟು ಸಾವಿರ ಬಾಯಿಗಳಿಗೆ ಹಲ್ಲು ಕಟ್ಟಿದ್ದೇನೋ ಲೆಕ್ಕವಿಲ್ಲ. ಒಂದರ ಮುಖವನ್ನೂ ನೋಡಿದವಳಲ್ಲ. ಅಣ್ಣನದು ನನಗೆ ಮುಖ ಗೊತ್ತಿದ್ದ ಮೊದಲ ಬಾಯಿ, ಹಾಗಾಗಿ ಜೀವ ತೇಯ್ದು ಮಾಡಿದೆ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ಮೂವತ್ತು ವರ್ಷ ಚಿಕ್ಕವನಾಗಿ ಕಂಡ. ನಾನು ಅಷ್ಟು ಚೆನ್ನಾದ ಕೆಲಸ ಹಿಂದೆಂದೂ ಮಾಡಿರಲಿಲ್ಲ.

ಆಮೇಲೆ ಭಾನುವಾರಗಳು ಕೆಡತೊಡಗಿದವು. ಮೊದಲು ಹೊಟ್ಟೆ ಸರಿಯಿಲ್ಲ ಅಂದ. ಇನ್ನೊಂದು ವಾರ ಊಟ ಮುಗಿಸಿಕೊಂಡೇ ಬಂದ. ಟೀಯಲ್ಲಿ ಬನ್ನು ಅದ್ದಿ ತಿಂದು, ನಾನು ಹೇಳಿದ್ದಕ್ಕೆಲ್ಲ ಬಾಯಿ ಮುಚ್ಚಿಕೊಂಡು "ಹೂಂ" ಅಂದು, ಮೂರರ ಬಸ್ಸಿಗೆ ಹೊರಟ. ಮುಂದೆ ಮೊಣಕಾಲು ನೋವು ಬಂತು. ಮೂರು ತಿಂಗಳಿಂದ ಬರುವುದನ್ನೇ ಬಿಟ್ಟ. ಫೋನ್ ಮಾಡುತ್ತಿದ್ದ, ಆದರೆ ಅದರಲ್ಲಿ ಅವನ ಮಾತು ಮುದ್ದೆಮುದ್ದೆಯಾಗಿ ಕೇಳುತ್ತಿತ್ತು. ಫೋನು ಕೆಟ್ಟಿರಬೇಕು ಅಂದುಕೊಂಡೆ.

ಒಂಟಿಯಾಗಿರುವುದು ನನಗೆ ಹೊಸದಲ್ಲ, ಸೋಮವಾರದಿಂದ ಶನಿವಾರದವರೆಗೆ ಅದು ಅಭ್ಯಾಸವಾಗಿ ಹೋಗಿದೆ. ಭಾನುವಾರ ಮಾತ್ರ ಆಗುತ್ತಿರಲಿಲ್ಲ. ಹನ್ನೆರಡೂಕಾಲಿಗೆ ಮೆಟ್ಟಿಲ ಮೇಲೆ ಯಾರದಾದರೂ ಸದ್ದಾದರೆ ಒಲೆ ಸಣ್ಣ ಮಾಡಿ ನಿಲ್ಲುತ್ತಿದ್ದೆ. ಸದ್ದು ಮೇಲಿನ ಮಹಡಿಗೆ ಹೋಗುತ್ತಿತ್ತು. ನನಗೆ ಅಳು ಬರುತ್ತಿತ್ತು, ಅತ್ತೂ ಬಿಡುತ್ತಿದ್ದೆ. ನೋಡುವವರು ಯಾರಿದ್ದಾರೆ ಅಲ್ಲಿ?

ಹಾಗೆ ಅಳುತ್ತಿದ್ದ ಒಂದು ಭಾನುವಾರವೇ ನನಗೆ ಹೊಳೆದದ್ದು. ಕಟ್ಟಿಸಿದ ಹಲ್ಲಿಗೆ ಸ್ವಂತ ಹಲ್ಲಿನ ಕಾಲು ಭಾಗ ಬಲವೂ ಇರುವುದಿಲ್ಲ. ನಾನೋ, ಮೊದಲಿನ ಹಾಗೇ ಕಚ್ಚಿ ಎಳೆಯುವಂಥ ಪಕ್ಕೆಲುಬು ಮಾಡಿ ಅವನ ಮುಂದಿಟ್ಟಿದ್ದೆ. ಪಾಪ, ತಿನ್ನಲಾಗದೆ, ಹೇಳಲೂ ಆಗದೆ ತಪ್ಪಿಸಿಕೊಂಡಿದ್ದಾನೆ. ಮಾಂಸ ಮೆತ್ತಗಾದರೆ ಅಣ್ಣ ಬರುತ್ತಾನೆ. ಇಷ್ಟು ಸಣ್ಣ ವಿಷಯಕ್ಕೆ ಮೂರು ತಿಂಗಳು ಕಣ್ಣೀರು ಸುರಿಸಿದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಮಾಂಸದಂಗಡಿಯವನು ನನ್ನನ್ನು ಕಂಡರೆ ಹೆದರುತ್ತಾನೆ, ಆದರೂ ಮಾತಾಡದೆ ಇರಲಾರ.

"ಎಷ್ಟು ಜನಕ್ಕಕ್ಕಾ?" ಅಂದ.

"ಪಕ್ಕೆ ಕೇಳಿದ್ರೆ ಪಕ್ಕೆ ಕೊಡು. ಜನಗಣತಿ ಯಾಕೆ ನಿಂಗೆ?"

"ಹಂಗಲ್ಲಕ್ಕಾ. ಮೆತ್ತಗೆ ಬೇಕು ಅಂದ್ರಲ್ಲ, ಅದಕ್ಕೆ. ಮೂಳೆ ಹಿಂದ್ಗಡೆ ತೆಳ್ಳಗೆ ಒಂದು ಪೊರೆ ಇರತ್ತೆ ನೋಡಿ. ಅದನ್ನ ಬಟ್ಟೇಲಿ ಹಿಡಿದು ಎಳೆದುಬಿಡಿ. ಅದಿದ್ರೆ ನೀವು ನಾಳೆವರ್ಗೂ ಬೇಯ್ಸಿದ್ರೂ ಅಷ್ಟೆ."

ಅದು ಸರಿಯಾದ ಮಾತು. ನಲವತ್ತು ವರ್ಷ ಪಕ್ಕೆಲುಬು ಬೇಯಿಸಿದ ನನಗೆ ಗೊತ್ತಿರಲಿಲ್ಲ. ಅವನಿಗೆ ಹಾಗಂತ ಹೇಳಲಿಲ್ಲ.

ರುಚಿ ನೋಡಲು ನಾನಿದ್ದೇನೆ, ಆದರೆ ನನ್ನ ಬಾಯಲ್ಲಿ ಇರುವುದು ನನ್ನದೇ ಹಲ್ಲು. ಅದನ್ನು ನಂಬುವ ಹಾಗಿರಲಿಲ್ಲ. ಲ್ಯಾಬಿನ ಕಪಾಟಿನಲ್ಲಿ ಒಂದು ಅನಾಥ ಸೆಟ್ಟು ಇತ್ತು. ಮಾಡಿಸಿದವರು ತೆಗೆದುಕೊಂಡು ಹೋಗುವ ಮೊದಲೇ ತೀರಿಕೊಂಡಿದ್ದರು. ಅದನ್ನು ದವಡೆಯ ಹಾಗೆ ತೆರೆದು ಮುಚ್ಚುವ ಹಿತ್ತಾಳೆಯ ಚೌಕಟ್ಟಿಗೆ ಸಿಕ್ಕಿಸಿ ಮನೆಗೆ ತಂದೆ. ಊಟದ ಮೇಜಿನ ಮೇಲೆ ನನ್ನ ಎದುರಿಗೆ ಇಟ್ಟೆ. ಎರಡು ದಿನಕ್ಕೆ ಅದಕ್ಕೆ 'ಯಜಮಾನರು' ಎಂಬ ಹೆಸರೂ ಬಿತ್ತು. ಮೇಲಿನ ದವಡೆಯನ್ನು ಒಂದೇ ಬೆರಳಿನಿಂದ ಒತ್ತಿದಾಗ ಮಾಂಸ ತುಂಡಾದರೆ ಪಾಸು, ಎರಡನೆಯ ಬೆರಳು ಬೇಕಾದರೆ ಫೇಲು. ನಗಬೇಡಿ. ಮೂರು ತಿಂಗಳಾದ ಮೇಲೆ ನನ್ನ ಎದುರು ಕೂತ ಮೊದಲ ಬಾಯಿ ಅದು.

ಮೊದಲ ಸರದಿ ಕುಕ್ಕರಿನದು. ಆರು ಸೀಟಿ ಕೂಗಿಸಿದೆ. ಮುಚ್ಚಳ ತೆಗೆದರೆ ಮೂಳೆಗಳು ಬೋಳಾಗಿ ನಿಂತಿದ್ದವು, ಮಾಂಸವೆಲ್ಲ ತಳಕ್ಕೆ ಇಳಿದಿತ್ತು. ಯಜಮಾನರು ಬೆರಳು ಸೋಕುವ ಮೊದಲೇ ತುಂಡು ಮಾಡಿದರು. ಆದರೆ ಬಾಯಿಗಿಟ್ಟರೆ ಒದ್ದೆ ಹತ್ತಿ. ರುಚಿಯೆಲ್ಲ ನೀರಿಗೆ ಹೋಗಿತ್ತು. ಇದನ್ನು ಅಣ್ಣನಿಗೆ ಬಡಿಸಿದರೆ ಆಸ್ಪತ್ರೆ ಊಟ ಅನ್ನುವುದಲ್ಲ, ನನ್ನನ್ನೇ ಆಸ್ಪತ್ರೆಗೆ ಸೇರಿಸುತ್ತಾನೆ. ಎರಡು ದಿನ ಅದನ್ನೇ ತಿಂದು ಮುಗಿಸಿದೆ.

ಮುಂದಿನ ವಾರ ಓವನ್. ಫಾಯಿಲಿನಲ್ಲಿ ಸುತ್ತಿ, ಸಣ್ಣ ಉರಿಯಲ್ಲಿ ಮೂರು ಗಂಟೆ ಇಟ್ಟೆ. ಮನೆಯೆಲ್ಲ ಘಮಘಮ. ಮೇಲಿನ ಮನೆಯವರು ಬಾಗಿಲು ತೆರೆದು ಇಣುಕಿ ನೋಡಿದರು, ನಾನೂ ಇಣುಕಿದೆ, ಇಬ್ಬರೂ ಬಾಗಿಲು ಹಾಕಿಕೊಂಡೆವು. ದಪ್ಪ ಮಾಂಸವಿದ್ದ ಕಡೆ ಬೆಣ್ಣೆ. ತೆಳ್ಳಗಿದ್ದ ತುದಿ ಒಣಗಿ ಚಪ್ಪಲಿಯ ಪಟ್ಟಿಯಾಗಿತ್ತು. ಅಣ್ಣನಿಗೆ ಆ ತುದಿಯೇ ಇಷ್ಟ, ಮೊದಲಿನಿಂದಲೂ. ಯಜಮಾನರಿಗೆ ಮೂರು ಬೆರಳು ಒತ್ತಿದರೂ ಆಗಲಿಲ್ಲ.

ಆಮೇಲಿನದು ನೀರಲ್ಲಿ ಬೇಯಿಸಿ ಕಾವಲಿಯ ಮೇಲೆ ಹುರಿಯುವುದು. ನೋಡಲು ಇದರಷ್ಟು ಚೆಂದ ಯಾವುದೂ ಇಲ್ಲ. ಕೆಂಪಗೆ, ಅಂಚು ಗರಿಗರಿಯಾಗಿ ಬಂತು. ಆದರೆ ಆ ಗರಿಯ ಚೂರು ಸೆಟ್ಟಿನ ಕೆಳಗೆ ಸೇರಿಕೊಂಡರೆ ಒಸಡಿಗೆ ಗಾಜು ಚುಚ್ಚಿದ ಹಾಗೆ ಎಂದು ಈ ಕಸುಬಿನವಳಾದ ನನಗೆ ಗೊತ್ತಿಲ್ಲವೇ? ಅಷ್ಟನ್ನೂ ಸಿಟ್ಟಿನಲ್ಲಿ ನಾನೇ ತಿಂದೆ. ಅವತ್ತು ಊಟ ಬಹಳ ಚೆನ್ನಾಗಿತ್ತು. ಚೆನ್ನಾಗಿದೆ ಅಂತ ಹೇಳಲು ತಲೆಯೆತ್ತಿದರೆ ಎದುರಿಗೆ ಯಜಮಾನರು ಬಾಯಿ ತೆರೆದುಕೊಂಡು ಕೂತಿದ್ದರು. ಅವರ ಮೇಲೆ ಒಂದು ಬಟ್ಟೆ ಹಾಕಿಬಿಟ್ಟೆ.

ಕೊನೆಗೆ ಗೆದ್ದದ್ದು ದಪ್ಪ ತಳದ ಪಾತ್ರೆ. ಕೆಳಗೆ ಈರುಳ್ಳಿ ಹಾಸಿ, ಪೊರೆ ಎಳೆದ ಪಕ್ಕೆಲುಬನ್ನು ಜೋಡಿಸಿ, ಎರಡು ಚಮಚ ಹುಣಸೆ ಹುಳಿ, ಉಪ್ಪು, ಮೆಣಸು ಹಾಕಿದೆ. ಒಂದು ತೊಟ್ಟೂ ನೀರಿಲ್ಲ. ಆವಿ ಹೋಗದ ಹಾಗೆ ಮುಚ್ಚಳದ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟೆ. ಒಲೆ ಉರಿಯುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕು, ಅಷ್ಟು ಸಣ್ಣ ಉರಿ. ನಾಲ್ಕು ಗಂಟೆ ಕಾದೆ. ಮಾಂಸ ಮೂಳೆಯ ಮೇಲೇ ಇತ್ತು, ಮುಟ್ಟಿದರೆ ಬಿಟ್ಟುಕೊಡುತ್ತಿತ್ತು. ರುಚಿ ಎಲ್ಲಿಗೂ ಹೋಗಿರಲಿಲ್ಲ. ತೆಳ್ಳನೆಯ ತುದಿಯನ್ನೂ ಯಜಮಾನರು ಒಂದೇ ಬೆರಳಿಗೆ ಕತ್ತರಿಸಿದರು. ಹತ್ತು ಸಲ ನೋಡಿದೆ, ಹತ್ತು ಸಲವೂ ಪಾಸು.

ಆಗಲೇ ಅಣ್ಣನಿಗೆ ಫೋನ್ ಮಾಡಿದೆ. "ಈ ಭಾನುವಾರ ಬಾ."

"ಮೊಣಕಾಲು ಕಣೇ..."

"ಮೊಣಕಾಲಲ್ಲಿ ತಿಂತೀಯಾ? ಬಸ್ಸಲ್ಲಿ ಕೂತ್ಕೊಂಡು ಬಾ. ನೀನು ಬರ್ಲಿಲ್ಲ ಅಂದ್ರೆ ಪಾತ್ರೆ ಹೊತ್ಕೊಂಡು ನಾನೇ ಅಲ್ಲಿಗೆ ಬರ್ತೀನಿ."

"ಬೇಡ, ಬರ್ತೀನಿ" ಅಂದ.

ಬಂದ. ಬಹಳ ಇಳಿದುಹೋಗಿದ್ದ, ಅಂಗಿಯ ಕಾಲರಿನಲ್ಲಿ ಎರಡು ಕತ್ತು ಹಿಡಿಸುವಂತಿತ್ತು. ಮುಖದಲ್ಲಿ ಮಾತ್ರ ನಾನು ಕೊಟ್ಟ ಹಲ್ಲು ಹೊಳೆಯುತ್ತಿತ್ತು. ಯಜಮಾನರನ್ನು ಕಪಾಟಿನಲ್ಲಿ ಬಚ್ಚಿಟ್ಟು ತಟ್ಟೆ ಹಾಕಿದೆ. ಅವನಿಷ್ಟದ ತೆಳ್ಳನೆಯ ತುದಿಗಳನ್ನೇ ಆರಿಸಿ ಬಡಿಸಿ ಎದುರಿಗೆ ಕೂತೆ.

ಅಣ್ಣ ಒಂದು ಪಕ್ಕೆಲುಬು ಎತ್ತಿ ಕಚ್ಚಿದ. ಮಾಂಸ ಬಿಟ್ಟುಕೊಂಡು ಬಾಯಿಗೆ ಹೋಯಿತು. ಅಗಿದ. ಟಕ್. ಮತ್ತೆ ಅಗಿದ. ಟಕ್, ಟಕ್. ಕಣ್ಣಂಚಿನಲ್ಲಿ ನೀರು ನಿಂತಿತು. ನುಂಗಲಾರದೆ ಕೆನ್ನೆಗೆ ತಳ್ಳಿಕೊಂಡು, ನನ್ನ ಕಡೆ ನೋಡಿ ತಲೆಯಾಡಿಸಿ ನಕ್ಕ.

ಆ ಸದ್ದು ನನಗೆ ಗೊತ್ತು. ಸೆಟ್ಟಿನ ಎತ್ತರ ಹೆಚ್ಚಾಗಿದ್ದರೆ ಆ ಸದ್ದು ಬರುತ್ತದೆ. ಬಾಯಿ ಪೂರ್ತಿ ಮುಚ್ಚುವ ಮೊದಲೇ ಹಲ್ಲಿಗೆ ಹಲ್ಲು ಬಡಿಯುತ್ತದೆ, ಒತ್ತಡವೆಲ್ಲ ಒಸಡಿನ ಮೇಲೆ ಬೀಳುತ್ತದೆ. ಅದಕ್ಕೇ ನಾವು ಗಟ್ಟಿ ಸೆಟ್ಟು ಮಾಡುವ ಮೊದಲು ಮೇಣದಲ್ಲಿ ಹಲ್ಲು ಜೋಡಿಸಿ ಡಾಕ್ಟರ ಹತ್ತಿರ ಕಳಿಸುತ್ತೇವೆ, ಅವರು ಬಾಯಲ್ಲಿಟ್ಟು ನೋಡಿ ಸರಿಯಿದೆ ಅಂದ ಮೇಲೆಯೇ ಮುಂದಿನ ಕೆಲಸ. ನಲವತ್ತು ವರ್ಷದಲ್ಲಿ ಆ ಹೆಜ್ಜೆಯನ್ನು ನಾನು ಒಂದೇ ಒಂದು ಸಲ ಬಿಟ್ಟಿದ್ದೆ. "ನಮ್ಮಣ್ಣನ ಬಾಯಿ ನಂಗೊತ್ತಿಲ್ವಾ ಡಾಕ್ಟ್ರೇ?" ಅಂದಿದ್ದೆ. ಬಾಯಿ ಮುಚ್ಚಿದಾಗ ಮುಖ ಎಷ್ಟೆತ್ತರ ಇರಬೇಕು ಅಂತ ಅವರು ಕಳಿಸಿದ ಅಳತೆ ನೋಡಿ, ಇಷ್ಟು ಕುಸಿದ ಮುಖ ನಮ್ಮಣ್ಣನದಲ್ಲ, ಡಾಕ್ಟರೇ ತಪ್ಪಿದ್ದಾರೆ ಅಂದುಕೊಂಡೆ. ಅವನ ಮದುವೆಯ ಫೋಟೋ ಮುಂದಿಟ್ಟುಕೊಂಡು ನಾಲ್ಕು ಮಿಲಿಮೀಟರ್ ಎತ್ತರಿಸಿ ಹಲ್ಲು ಜೋಡಿಸಿದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಂದು ತಿಂಗಳು ನಾನು ನೆಲ ಸರಿಮಾಡುತ್ತಾ ಕೂತಿದ್ದೆ.

"ತೆಗಿ ಅದನ್ನ" ಅಂದೆ.

"ಏನಿಲ್ಲ, ಚೆನ್ನಾಗಾಗಿದೆ ಮಾಂಸ..."

"ಮಾಂಸ ಚೆನ್ನಾಗಿದೆ ಅಂತ ನಂಗೆ ಗೊತ್ತು. ಹಲ್ಲು ತೆಗೆದು ಕೊಡು ಅಣ್ಣ."

ಅವನು ಕೊಡಲಿಲ್ಲ. ನಾನು ಕೈ ಚಾಚಿಕೊಂಡೇ ಇದ್ದೆ. ಕೊನೆಗೆ ಆ ಕಡೆ ತಿರುಗಿ, ಕರವಸ್ತ್ರದಲ್ಲಿ ತೆಗೆದು ಕೈಗಿಟ್ಟ. ಕಿಟಕಿಯ ಬೆಳಕಿಗೆ ಹಿಡಿದೆ. ಹತ್ತು ತಿಂಗಳು ಅಗಿದ ಹಲ್ಲಿನ ಮೇಲೆ ಸವೆದ ಗುರುತು ಇರಬೇಕು. ಇದರ ಮೇಲೆ ನಾನು ಕೊಟ್ಟ ಹೊಳಪು ಹಾಗೇ ಇತ್ತು. ಹತ್ತು ತಿಂಗಳಿಂದ ಈ ಮನುಷ್ಯ ಗಂಜಿ ಕುಡಿದುಕೊಂಡು ಬದುಕಿದ್ದಾನೆ.

"ನನ್ನ ಹತ್ರ ಬರುವಾಗ ಮಾತ್ರ ಹಾಕ್ಕೋತಿದ್ಯಾ?"

"ಹೂಂ."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು? ಉಪ್ಪು ಕಮ್ಮಿ ಅಂದ್ರೆ ಊರಿಗೆಲ್ಲ ಕೇಳೋ ಹಾಗೆ ಹೇಳೋನು!"

ಕೈಯಲ್ಲಿ ಬಾಯಿ ಮುಚ್ಚಿಕೊಂಡೇ ಹೇಳಿದ. ಫೋನಿನಲ್ಲಿ ಕೇಳುತ್ತಿದ್ದ ಅದೇ ಮುದ್ದೆ ದನಿ. "ಕೊಟ್ಟ ದಿವಸ ನೀನು ಅತ್ತುಬಿಟ್ಟೆ. 'ನಮ್ಮಣ್ಣ ವಾಪಸ್ ಬಂದ' ಅಂದೆ. ಆಮೇಲೆ ಹೆಂಗೆ ಹೇಳ್ಲಿ ನಾನು?"

ನನ್ನ ಕೈಯಾರೆ ಒಂದು ಫೋಟೋಗೆ ಹಲ್ಲು ಕಟ್ಟಿ, ಉಸಿರಾಡುವ ಮನುಷ್ಯನನ್ನು ಊಟದ ಮೇಜಿನಿಂದ ಎಬ್ಬಿಸಿದ್ದೆ.

"ಹೊಸದು ಮಾಡ್ಕೊಡ್ತೀನಿ" ಅಂದೆ. "ಡಾಕ್ಟ್ರು ಹೇಳಿದ ಅಳತೇಲೇ. ಆದ್ರೆ ಮುಖ ಹಿಂಗಿರಲ್ಲ, ಈಗ್ಲೇ ಹೇಳಿರ್ತೀನಿ. ಕೆನ್ನೆ ಒಳಗೆ ಹೋಗತ್ತೆ. ವಯಸ್ಸಾದೋನ ಹಂಗೆ ಕಾಣ್ತೀಯ."

"ನನ್ನ ಮುಖ ನೋಡೋಳು ನೀನೊಬ್ಳೇ ಕಣೇ" ಅಂದ.

"ಹಾಗಾದ್ರೆ ಕೈ ತೆಗಿ."

ಅವನು ನಿಧಾನವಾಗಿ ಬಾಯಿಯ ಮೇಲಿನ ಕೈ ತೆಗೆದ. ತುಟಿಗಳು ಒಳಗೆ ಮಡಚಿಕೊಂಡಿದ್ದವು, ಮೂಗು ಗದ್ದಕ್ಕೆ ಇಳಿದುಬಂದಿತ್ತು. ದಾರಿಯಲ್ಲಿ ಎದುರಾಗಿದ್ದರೆ ಯಾರೋ ಅಜ್ಜ ಎಂದು ಪಕ್ಕಕ್ಕೆ ಸರಿಯುತ್ತಿದ್ದೆ. ಆ ಕಡೆ ತಿರುಗಬೇಕು ಅನಿಸಿತು, ತಿರುಗಲಿಲ್ಲ. ಪಕ್ಕೆಲುಬಿನ ಮಾಂಸವನ್ನು ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸಿ ಅವನ ತಟ್ಟೆಯಲ್ಲಿಟ್ಟೆ. ಅವನು ಒಸಡಿನಲ್ಲೇ ಅರೆದು, ಬಹಳ ಹೊತ್ತು ತೆಗೆದುಕೊಂಡು, ಒಂದೊಂದೇ ಎಳೆ ತಿಂದ. ನಾನು ಪೂರ್ತಿ ನೋಡಿದೆ. ನಮ್ಮಣ್ಣನಿಗೆ ಎಪ್ಪತ್ತೊಂದು ವರ್ಷ ಎಂದು ನನಗೆ ಗೊತ್ತಾದದ್ದು ಅವತ್ತು.