ಮೂವತ್ತು ಟಿಕ್

ನಲ್ಲಿಯ ತುದಿಯಲ್ಲಿ ಹನಿಯೊಂದು ದಪ್ಪಗಾಗುತ್ತಿದೆ, ಬೀಳುತ್ತಿಲ್ಲ, ಬೀಳೋ ಮಾರಾಯ, ನೀನಾದರೂ ಬೀಳು — ಬಚ್ಚಲುಮನೆಯ ಸ್ಟೂಲಿನ ಮೇಲೆ ಅಂಗಿಯನ್ನು ಎದೆಯವರೆಗೆ ಎತ್ತಿಕೊಂಡು ಕೂತ ಗಡಿಯಾರ ರಿಪೇರಿಯ ಮುದುಕನಿಗೆ ಆ ಹನಿಯ ಮೇಲೇ ಸಿಟ್ಟು, ಯಾಕೆಂದರೆ ಬೆಳಗಿನ ಜಾವದಿಂದ ಅವನ ಹೊಟ್ಟೆಯ ಮೇಲಿನ ಚೀಲವೂ ಹಾಗೇ, ಖಾಲಿ, ಒಣ, ಇಸ್ತ್ರಿ ಹಾಕಿದ ಹಾಗೆ ಚಪ್ಪಟೆ. ಹನ್ನೊಂದು ವರ್ಷದ ಹಿಂದೆ ದೊಡ್ಡ ಕರುಳು ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಕ್ಕುಳಿನ ಬಲಗಡೆ ಹೊರಗೆಳೆದು ಹೊಲಿದಿದ್ದರು, ಅಂದಿನಿಂದ ಉಂಡದ್ದೆಲ್ಲ ಆ ಬಾಯಿಂದಲೇ ಚೀಲಕ್ಕೆ, ಹೊತ್ತಿಲ್ಲ ಗೊತ್ತಿಲ್ಲ, ನಾಲ್ಕು ಜನರ ನಡುವೆ ಗುರ್ರೆಂದು ಮಾನ ಕಳೆಯುವ ಅದಕ್ಕೆ ಅವನಿಟ್ಟ ಹೆಸರು ಯಜಮಾನರು, ಇವತ್ತು ಯಜಮಾನರದ್ದು ಮಾತಿಲ್ಲ ಕತೆಯಿಲ್ಲ. ಹೊಟ್ಟೆ ಹಿಂಡುತ್ತದೆ, ಬಿಡುತ್ತದೆ, ಮತ್ತೆ ಹಿಂಡುತ್ತದೆ, ಬಾಗಿಲಾಚೆ ಮಗಳು, ಅಪ್ಪ ಏನಾದ್ರೂ ಬಂತಾ, ಇಲ್ಲ ಕಣಮ್ಮ, ಹತ್ತು ಗಂಟೆ ತನಕ ನೋಡ್ತೀನಿ ಅಪ್ಪ, ಆಮೇಲೆ ನಿನ್ನ ಮಾತು ಕೇಳಲ್ಲ, ಆಸ್ಪತ್ರೆಗೆ ಹೊರಡೋದೇ — ಆಸ್ಪತ್ರೆಯೆಂದರೆ ಆ ಸರ್ಜನ್, ಕಳೆದ ವರ್ಷವೇ ಕನ್ನಡಕ ಒರೆಸಿಕೊಳ್ಳುತ್ತ ಹೇಳಿದ್ದರು, ನೋಡಿ ಸ್ವಾಮಿ, ಎಪ್ಪತ್ಮೂರು ವಯಸ್ಸು, ಈ ಹೃದಯ ಇಟ್ಕೊಂಡು ಇನ್ನೊಂದ್ಸಲ ಹೊಟ್ಟೆ ಕೊಯ್ಯೋಕೆ ನನಗೆ ಧೈರ್ಯ ಇಲ್ಲ, ಕರುಳು ಕಟ್ಟಿಕೊಳ್ಳದ ಹಾಗೆ ನೋಡ್ಕೊಳ್ಳಿ.

ನೋಡಿಕೊಂಡಿರಲಿಲ್ಲವೇ, ಕಲ್ಲು ತಿಂದು ಕರಗಿಸಿಕೊಳ್ಳುತ್ತಿದ್ದ ಹೊಟ್ಟೆ ಈಗ ಮೆತ್ತಗೆ ಬೇಯಿಸಿದ ಅನ್ನಕ್ಕೂ ಮುನಿಸಿಕೊಳ್ಳುತ್ತದೆ, ತಿಂದದ್ದು ಮೈಗೆ ಹತ್ತದೆಂದು ತಿಂಗಳಿಗೊಂದು ವಿಟಮಿನ್ ಇಂಜೆಕ್ಷನ್, ಗಂಟೆಗೊಮ್ಮೆ ಉಪ್ಪು ಸಕ್ಕರೆ ಬೆರೆಸಿದ ನೀರು, ವಯಸ್ಸಾದ್ಮೇಲೆ ಬಾಯಾರಿಕೇನೇ ಮರೆತುಹೋಗುತ್ತೆ ತಾತ, ಬಾಯಾರಿಲ್ಲ ಅಂತ ಸುಮ್ನಿರ್ಬೇಡಿ, ನೀರು ಹಿಡಿದಿಡೋ ಕರುಳೇ ನಿಮಗಿಲ್ಲ, ಅಂದವಳು ನರ್ಸಮ್ಮ. ಹಲ್ಲುಗಳೋ, ಸ್ವಂತದ್ದು ನಾಲ್ಕು, ಕಟ್ಟಿಸಿದ್ದು ಲಟಲಟ, ಅದಕ್ಕೇ ಮಗಳ ಆಜ್ಞೆ, ಪ್ರತಿ ತುತ್ತಿಗೂ ಅಗಿಯೋದನ್ನ ಮೂವತ್ತು ಎಣಿಸಿ ನುಂಗಪ್ಪ. ಎಣಿಸಿದ್ದನಲ್ಲ, ನಿನ್ನೆ ಸಂಜೆ ಅಂಗಡಿಯ ಮೇಜಿನ ಮುಂದೆ ಕಿತ್ತಳೆ ಬಿಡಿಸಿಕೊಂಡು, ರಿಪೇರಿಯಾದ ಕೈಗಡಿಯಾರವನ್ನು ಕಿವಿಗೆ ಒತ್ತಿಕೊಂಡು, ತೊಳೆಗೆ ಮೂವತ್ತು ಟಿಕ್, ನುಂಗು, ಮೂವತ್ತು ಟಿಕ್, ನುಂಗು — ಹನಿ ಬಿತ್ತು, ಟಪ್, ಅದರ ಜೊತೆಗೇ ತಲೆಯೊಳಗೂ ಏನೋ ಬಿತ್ತು. ಆ ಗಡಿಯಾರ ಸೆಕೆಂಡಿಗೆ ಐದು ಸಲ ಟಿಕ್ ಅನ್ನುತ್ತದೆ. ಮೂವತ್ತೆಂದರೆ ಆರೇ ಸೆಕೆಂಡು. ಮಗಳು ಅಗಿಯುವುದನ್ನು ಎಣಿಸೆಂದಳು, ಇವನು ಗಡಿಯಾರವನ್ನು ಎಣಿಸಿದ, ಐವತ್ತು ವರ್ಷ ಅದನ್ನೇ ಕೇಳಿ ಬದುಕಿದವನು, ದಡ್ಡ ಶಿಖಾಮಣಿ, ತೊಳೆಯ ಸಿಪ್ಪೆ ನಾರು ಎಲ್ಲ ಇಡಿಯಾಗಿ ಒಳಗೆ ಹೋಗಿ ಕೂತಿದೆ — ನಗು ಬಂತು, ನಕ್ಕರೆ ಹೊಟ್ಟೆಯೇ ಹರಿಯುವಂತೆ ನೋವು.

ಚೀಲ ಬಿಚ್ಚಿದ. ಕಟ್ಟಿಕೊಂಡ್ರೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಇಡಿ, ಅಂದಿದ್ದಳು ನರ್ಸಮ್ಮ, ಸುತ್ತ ಮೆಲ್ಲಗೆ ಸವರಿ, ಬಣ್ಣ ನೋಡಿ ತಾತ, ಕೆಂಪಗಿರ್ಬೇಕು ಕಪ್ಪಾಗ್ಬಾರ್ದು — ನೋಡುವುದು, ಅದೇ ಅವನಿಂದ ಆಗಿರಲಿಲ್ಲ, ಹೆಂಡತಿ ಇದ್ದಷ್ಟು ದಿನ ಅವಳೇ ನೋಡಿದಳು, ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ ಬೆರಳಲ್ಲೇ ತಡವಿ ಬದಲಾಯಿಸಿದ್ದ, ಊರಿನ ಗಡಿಯಾರಗಳ ಹೊಟ್ಟೆಯೆಲ್ಲ ಬಗೆದು ನೋಡಿದವನು ತನ್ನದನ್ನು ನೋಡಿರಲಿಲ್ಲ. ಜೇಬಿನ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ಬಗ್ಗಿದ. ಕೆಂಪು. ಒದ್ದೆ, ಹೊಳೆಯುವ, ನವಿರಾದ ಕೆಂಪು, ಇಷ್ಟು ಎಳೆಯದು ಈ ಹಳೇ ಮೈಯಲ್ಲಿ ಎಲ್ಲಿತ್ತು — ಆಗ ಅದು ಅಲುಗಿತು, ಅವನು ಮುಟ್ಟಿರಲಿಲ್ಲ, ತಾನಾಗಿ ಒಂದು ಸುತ್ತು ಮುದುಡಿ ಬಿಡಿಸಿಕೊಂಡಿತು, ನಿಂತೇಹೋದ ಗಡಿಯಾರದ ಒಳಚಕ್ರ ಮೊದಲ ಸಲ ನಡುಗುವ ಹಾಗೆ. ಅದಕ್ಕಾದರೂ ಇವನು ಕೀಲಿ ಕೊಡಬೇಕು, ಇದಕ್ಕೆ ಕೊಟ್ಟವರ್ಯಾರು, ಹೆಂಡತಿ ಹೋದ ದಿನ ಮನೆಯಲ್ಲಿ ಯಾರೂ ಒಂದಗುಳು ಮುಟ್ಟಿರಲಿಲ್ಲ, ಇವನ ಎದೆಯೇ ನಿಂತಂತಿತ್ತು, ಇದೊಂದು ಮಾತ್ರ ಹಿಂದಿನ ದಿನದ ಊಟವನ್ನು ಮೆಲ್ಲಗೆ ಹೊರತರುತ್ತ ತನ್ನ ಪಾಡಿಗೆ ದುಡಿಯುತ್ತಿತ್ತು, ಆವತ್ತು ಅದನ್ನು ಬೈದಿದ್ದ, ನಾಚಿಕೆಯಿಲ್ಲದ್ದು ಎಂದು — ನಾಚಿಕೆಗೇಡಲ್ಲ ಮಾರಾಯ, ನನಗಾಗಿ ದುಡಿದದ್ದು, ನನ್ನನ್ನು ಕೇಳದೇ, ಬೈಗುಳ ತಿಂದುಕೊಂಡು, ಹನ್ನೊಂದು ವರ್ಷ. ಬೆರಳು ಸುತ್ತ ಸವರುತ್ತಿದೆ, ಹೊಟ್ಟೆ ಹಿಂಡುತ್ತದೆ, ಕೆಂಪು ತುಟಿ ಮುದುಡಿತು, ತೆರೆಯಿತು, ಅಂಚಿನಲ್ಲೊಂದು ಗುಳ್ಳೆ ದಪ್ಪಗಾಯಿತು, ಒಡೆಯಲಿಲ್ಲ, ದಪ್ಪಗಾಯಿತು, ಒಡೆಯಿತು, ಬೆಚ್ಚಗಿನದು ಬೆರಳಗುಂಟ ಇಳಿಯಿತು, ಅದರ ಹಿಂದೆ ಬೆಳ್ಳಗಿನ ಕಿತ್ತಳೆ ನಾರು, ಅದರ ಹಿಂದೆ ಇನ್ನಷ್ಟು, ನೋವು ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತಿದೆ, ಅಪ್ಪ ಹತ್ತಾಯ್ತು, ಬಾಗಿಲು ತೆಗಿ ಅಪ್ಪ, ಬಂತು ಕಣಮ್ಮ ಅನ್ನಬೇಕು, ಒಂದೇ ನಿಮಿಷ, ಭೂತಗನ್ನಡಿ ಮಂಜಾಗುತ್ತಿದೆ, ಒರೆಸಿಕೊಂಡ, ಮತ್ತೆ ಬಗ್ಗಿದ, ಆ ಕೆಂಪು ತುಟಿ ಮುದುಡಿತು — ತೆರೆಯಿತು — ಮುದುಡಿತು —