ರೋಸಿಗಾಗಿ ಬಿಟ್ಟ ಎಂಟು ದಿನ

ಮೂವತ್ತೈದು ರೇಡಿಯೇಶನ್, ಪ್ರತಿ ಸೋಮವಾರ ಕೀಮೋ. ನಾಲಿಗೆಯ ಬುಡದ ಕ್ಯಾನ್ಸರ್ ಕುತ್ತಿಗೆಗೂ ಇಳಿದಿತ್ತು. "ಗುಣವಾಗುವ ಸಾಧ್ಯತೆ ಉಂಟಮ್ಮ, ಆದರೆ ನಡುವೆ ಬಿಡಬಾರದು," ಎಂದಿದ್ದರು ಮಣಿಪಾಲದ ಡಾಕ್ಟರು ಶರ್ವಾಣಿ. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಬಲೆಯನ್ನು ಮುಖಕ್ಕೆ ಒತ್ತಿ ನನ್ನ ಅಚ್ಚು ತೆಗೆದಿದ್ದರು. ದಿನಾ ಅದನ್ನು ತೊಡಿಸಿ ತಲೆಯನ್ನು ಮೇಜಿಗೆ ಬಿಗಿಯುತ್ತಿದ್ದರು. ಹೀಗೆ ಇಪ್ಪತ್ತೆರಡು ಸಲ ನಮ್ಮ ಊರು ಮಟ್ಟುವಿನಿಂದ ಹೋಗಿ ಬಂದೆ. ಕುತ್ತಿಗೆ ಸುಟ್ಟು ಕಪ್ಪಾಯಿತು. ಮಾತು ನಿಂತಿತು. ಮೂಗಿಗೆ ಹಾಕಿದ ಪೈಪಿನಲ್ಲೇ ಗಂಜಿನೀರು. ಆದರೆ ಕುತ್ತಿಗೆಯ ಗಂಟು ಕೈಗೆ ಸಿಗದಷ್ಟು ಸಣ್ಣದಾಗಿತ್ತು.

ಆಗ ಮೊಮ್ಮಗಳು ಆಶ್ಲಿಯ ಮದುವೆ ಬಂತು. ಮದುವೆಯ ಮುಂಚಿನ ದಿನ ರೋಸ್ ಶಾಸ್ತ್ರ. ಮದುಮಗಳ ತಲೆಗೆ ಮೊದಲು ತೆಂಗಿನ ಹಾಲು ಹಚ್ಚುವುದು ಮನೆಯ ಹಿರಿಯಳು, ಅಂದರೆ ನಾನು.

"ಮಾಂಯ್, ಈ ಪೈಪ್ ಹಾಕಿಕೊಂಡು ಕೂತರೆ ಕಾರ್ಕಳದ ಗಂಡಿನ ಕಡೆಯವರು ಎಂತ ಹೇಳಿಯಾರು?" ಎಂದಳು ಸೊಸೆ ಜೋಸ್ಲಿನ್. "ವಂಶದಲ್ಲೇ ಕ್ಯಾನ್ಸರ್ ಉಂಟು ಅಂತ ಸಂಬಂಧ ಮುರಿದರೆ? ಒಂದು ಎಂಟು ದಿನ ರೇಡಿಯೇಶನ್ ಬಿಡಿ, ಚರ್ಮವೂ ಸ್ವಲ್ಪ ಒಣಗುತ್ತದೆ. ಇಲ್ಲದಿದ್ದರೆ ನೀವು ಕೋಣೆಯಲ್ಲೇ ಇರಿ. ಹಾಲು ನನ್ನ ತಾಯಿ ಹಚ್ಚುತ್ತಾರೆ."

ಮಗ ಲಿಯೋನೆಲ್ ಮೊಬೈಲ್ ನೋಡುತ್ತಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರು ಬೇಡವೆಂದು ಕೈಮುಗಿದರು. ಕೊನೆಗೆ ಕಾಗದ ಕೊಟ್ಟರು. 'ಸ್ವಂತ ಇಚ್ಛೆಯಿಂದ ಚಿಕಿತ್ಸೆ ನಿಲ್ಲಿಸುತ್ತಿದ್ದೇನೆ, ಪರಿಣಾಮಕ್ಕೆ ನಾನೇ ಹೊಣೆ.' ಅರವತ್ತರ ಮೇಲೆ ರಾತ್ರಿ ಶಾಲೆಗೆ ಹೋಗಿ ಕಲಿತ ಅಕ್ಷರ. ಎರಡು ಸಲ ಓದಿದೆ. ಎಲ್ಲ ಅರ್ಥವಾಯಿತು. ವೆರೊನಿಕಾ ಎಂದು ಸಹಿ ಹಾಕಿದೆ.

ಮೂಗಿನ ಪೈಪ್ ತೆಗೆಸಿ, ರೋಸಿನ ಚಪ್ಪರದಲ್ಲಿ ಸೆರಗನ್ನು ಕುತ್ತಿಗೆಗೆ ಸುತ್ತಿ ಕೂತೆ. ಆಶ್ಲಿಯ ನೆತ್ತಿಗೆ ಹಾಲು ಹಚ್ಚಿದೆ. ಕಾರ್ಕಳದ ಬೀಗಿತ್ತಿ ಕೇಳಿದರು: "ಎಂತ ವೆರೊನಿಕಾ ಬಾಯಿ, ಇಷ್ಟು ಸಪೂರ?"

"ಡಯಟ್ ಮಾರಾಯ್ರೆ! ಮದುಮಗಳಿಗಿಂತ ಅವರಿಗೇ ಗಡಿಬಿಡಿ," ಎಂದಳು ಜೋಸ್ಲಿನ್. ಎಲ್ಲರೂ ನಕ್ಕರು. ಮಾತು ಬಾರದ ನಾನೂ ನಕ್ಕೆ.

ಒಂಬತ್ತನೆಯ ದಿನ ಮಣಿಪಾಲಕ್ಕೆ ಹೋದಾಗ, ಬಲೆ ಹಾಕುವ ರೋಹಿತ್ ಅದನ್ನು ಒತ್ತಿದ, ಮತ್ತೆ ತೆಗೆದ. ಗಂಟು ಲಿಂಬೆಯಷ್ಟಾಗಿ ಬಲೆ ಕೂರುತ್ತಿರಲಿಲ್ಲ. ಹೊಸ ಅಚ್ಚು ತೆಗೆದರು, ಉಳಿದ ಹದಿಮೂರನ್ನೂ ಕೊಟ್ಟರು. ಗಂಟು ಹೋಗಲಿಲ್ಲ. "ಇನ್ನು ನೋವಿಗೆ ಮಾತ್ರ ಔಷಧ," ಎಂದರು ಡಾಕ್ಟರು.

"ಮೊದಲೇ ಹೇಳಬಾರದಿತ್ತಾ?" ಎಂದು ಲಿಯೋನೆಲ್ ಡಾಕ್ಟರ ಮೇಲೆ ರೇಗಿದ. ಅವರು ಕಾಗದ ತೋರಿಸಿದರು. ಅವನು ನನ್ನ ಕಡೆ ತಿರುಗಿದ: "ನೀನೇ ಅಲ್ವಾ ಸಹಿ ಹಾಕಿದ್ದು?"

ನಿನ್ನೆ ಮದುವೆಯ ಆಲ್ಬಮ್ ಬಂತು. "ನೋಡಿ ಮಾಂಯ್, ಎಷ್ಟು ಚಂದ ಬಂದಿದ್ದೀರಿ! ಪೈಪ್ ಇದ್ದಿದ್ದರೆ?" ಎಂದಳು ಜೋಸ್ಲಿನ್.

ನಾನು ಮಾತಿಗೆ ಇಟ್ಟುಕೊಂಡ ಪುಸ್ತಕದಲ್ಲಿ ಬರೆದು ತೋರಿಸಿದೆ: 'ಹೌದು. ನಾನು ಸತ್ತಾಗ ಪೇಪರಿಗೆ ಈ ಫೋಟೊವನ್ನೇ ಕೊಡಿ.'

ಅವಳು ಓದಿ ಆಲ್ಬಮಿನ ಪುಟ ತಿರುಗಿಸಿದಳು.