ಕಿವಿಯೊಳಗಿನ ಮಚ್ಚೆ

"ಅಲ್ಲಾಡಬೇಡಿ ತಾಯಿ," ಎನ್ನುತ್ತ ಡಾಕ್ಟರ್ ಪೌಲರಾಜ್ ದಾಕ್ಷಾಯಣಮ್ಮನವರ ಎಡಗಿವಿಯನ್ನು ಹಿಡಿದು ಮೇಲಕ್ಕೆಳೆದರು. ಅವರ ಹಣೆಯ ಮೇಲಿನ ದುಂಡುಗನ್ನಡಿಯಿಂದ ಕಿಟಕಿಯ ಬೆಳಕು ಕಿವಿಯೊಳಕ್ಕೆ ಬಿತ್ತು. ಕಿವಿಯ ಅಂಚಿನಲ್ಲಿ ಹೆಸರುಕಾಳಿನಷ್ಟು ಕಪ್ಪು ಮಚ್ಚೆಯೊಂದಿತ್ತು. ಮದುವೆಯಾಗಿ ಮೈಸೂರಿಗೆ ಬಂದಾಗ ಕೇರಿಯ ಹೆಂಗಸರು ಅದನ್ನು ಮುಟ್ಟಿ ನೋಡಿ, ಮನೆಗೆ ಲಕ್ಷ್ಮಿ ಬಂದಳು ಎಂದಿದ್ದರು. ಡಾಕ್ಟರು ಈಗ ನೋಡುತ್ತಿದ್ದದ್ದು ಅದನ್ನಲ್ಲ.

"ಒಳಗೂ ಒಂದಿದೆ," ಎಂದರು ಮಗ ಗುರುಮಲ್ಲಪ್ಪನಿಗೆ. "ಬೆಳೆದು ದಾರೀನೇ ಮುಚ್ಚಿಬಿಟ್ಟಿದೆ. ಅದರ ಹಿಂದೆ ಗುಗ್ಗೆ ಗಟ್ಟಿಯಾಗಿ ಕೂತಿದೆ."

"ಅವ್ವನ ಜೀವಕ್ಕೇನಾದ್ರೂ..."

"ಏನಿಲ್ಲ ಕಣ್ರೀ. ಒಳಗಿರೋದೂ ಬರೀ ಮಚ್ಚೆ, ಕೆಟ್ಟ ಗಂಟಲ್ಲ. ತೆಗೆದರೆ ಕಿವಿ ಕೇಳುತ್ತೆ."

ಮಗ ಇದನ್ನೆಲ್ಲ ಕಿವಿಯ ಬಳಿ ಕೂಗಿ ಹೇಳಿದ. ದಾಕ್ಷಾಯಣಮ್ಮ ಕಿವಿ ಮುಚ್ಚಿಕೊಂಡರು. "ಲಕ್ಷ್ಮೀನ ಕುಯ್ದು ಬಿಸಾಕ್ತಾರೇನೋ?"

"ಹೊರಗಿಂದು ಅಲ್ಲೇ ಇರ್ತದೆ ಅವ್ವ!"

ಆಗ ಒಪ್ಪಿದರು.

ಅವರ ಬಲಗಿವಿ ಚಿಕ್ಕಂದಿನಲ್ಲೇ ಸೋರಿ ಮಂದವಾಗಿತ್ತು. ಕೆಲವು ವರ್ಷಗಳಿಂದ ಎಡಗಿವಿಯೂ ಮುಚ್ಚುತ್ತ ಬಂದಿತ್ತು. ಕೇಳಿಸಲಿಲ್ಲ ಎನ್ನಲು ನಾಚಿಕೆ. ಎದುರಿನವರ ತುಟಿ ನಿಂತ ಕೂಡಲೇ ತಲೆಯಾಡಿಸಿ "ಸರಿ, ಸರಿ" ಎಂದುಬಿಡುತ್ತಿದ್ದರು. ಸೊಸೆ ಗಿರಿಜಾಂಬಾಳದು ಮೊದಲೇ ಸಣ್ಣ ದನಿ. ಅವಳು ತನ್ನನ್ನು ಒಳಗೊಳಗೇ ಬೈದುಕೊಳ್ಳುತ್ತಾಳೆಂದು ಅತ್ತೆಗೆ ಗುಮಾನಿ. ದಸರೆಗೆ ಮೊದಲು ಕಡಕೊಳದ ತವರಿಗೆ ಹೋದವಳು ಮತ್ತೆ ಬಂದಿರಲಿಲ್ಲ. ಕರೆಯಲು ಹೋದ ಗಂಡನಿಗೆ ಕಾರಣ ಹೇಳಲಿಲ್ಲ. ಬರುವುದಿಲ್ಲ ಎಂದಳು, ಅಷ್ಟೇ.

ಕಿವಿಯ ಗಾಯ ಮಾಗಿ ಹತ್ತಿ ತೆಗೆದ ದಿನ ದಾಕ್ಷಾಯಣಮ್ಮ ಮನೆಯೆಲ್ಲ ಸುಮ್ಮನೆ ಸುತ್ತಿದರು. ಹಾಲು ಉಕ್ಕುವ ಸದ್ದು, ಸೂರಿನ ಗುಬ್ಬಿಗಳ ಜಗಳ, ಒಬ್ಬನೇ ಉಣ್ಣುತ್ತಿದ್ದ ಮಗನ ನಿಟ್ಟುಸಿರು ಎಲ್ಲವೂ ಕೇಳಿಸಿತು. ಹಿತ್ತಿಲ ಗೋಡೆಯಾಚೆ ನೆರೆಮನೆಯ ಬೋರಮ್ಮ ಗೊಣಗಿದ್ದೂ ಕೇಳಿಸಿತು. "ಏನಂದೆ ಬೋರಿ?" ಎಂದರು.

"ಅಯ್ಯೋ, ಕೇಳಿಸ್ತಾ ಅಮ್ಮಾರೆ?" ಬೋರಮ್ಮ ನಕ್ಕಳು. "ಇಷ್ಟು ದಿನ ಏನಂದ್ರೂ ಸರಿ ಸರಿ ಅಂದ್ಬುಡ್ತಿದ್ರಿ. ನನ್ ಎಮ್ಮೆ ಸತ್ತೋಯ್ತು ಅಂದಾಗ್ಲೂ ನಗ್ತಾ ಸರಿ ಅಂದ್ರಿ!"

ದಾಕ್ಷಾಯಣಮ್ಮನವರೂ ನಕ್ಕರು. ಒಳಗೆ ಬಂದವರು ಅಡಿಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟರು. ತವರಿಗೆ ಹೋಗುವ ಹಿಂದಿನ ದಿನ ಗಿರಿಜಾ ಅಲ್ಲೇ ನಿಂತು, ಸೆರಗು ಹಿಡಿದುಕೊಂಡು ಏನೋ ಹೇಳಿದ್ದಳು. ಏನು ಹೇಳಿದ್ದಳು?

ಮಾರನೆಯ ದಿನ ಮಗನನ್ನೂ ಕರೆಯದೆ ನಂಜನಗೂಡಿನ ರೈಲು ಹತ್ತಿ ಕಡಕೊಳದಲ್ಲಿ ಇಳಿದರು.

ಗಿರಿಜಾ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಬಡಕಲಾಗಿದ್ದಳು. ಎದ್ದು ನಿಂತು, "ಬನ್ನಿ ಅತ್ತೆ!" ಎಂದು ಕೂಗಿದಳು.

"ಮೆಲ್ಲಗೇ ಮಾತಾಡು. ಈಗ ಕೇಳಿಸ್ತದೆ."

ಕಾಲಿಗೆ ನೀರು ಕೊಟ್ಟು ಅವಳು ದೂರ ಕೂತಳು. ದಾಕ್ಷಾಯಣಮ್ಮ ತಡಮಾಡಲಿಲ್ಲ. "ಹೊರಡೋ ಹಿಂದಿನ ದಿನ ಅಡಿಗೆಮನೆ ಬಾಗಿಲಲ್ಲಿ ಏನೋ ಹೇಳ್ದೆಯಲ್ಲ, ಏನದು?"

"ನೀವು ಸರಿ ಅಂದ್ರಲ್ಲ."

"ನಂಗೆ ಕೇಳಿಸ್ಲಿಲ್ಲ ಕಣಮ್ಮ. ಸುಮ್ನೆ ಅಂದೆ."

ಗಿರಿಜಾ ಅವರ ಮುಖ ನೋಡಿದಳು. "ಮೂರು ತಿಂಗಳಾಗಿತ್ತು. ಅವ್ರಿಗೂ ಇನ್ನೂ ಹೇಳಿರ್ಲಿಲ್ಲ. ಬೆಳಿಗ್ಗೆಯಿಂದ ರಕ್ತ ಕಾಣಿಸ್ಕೊಂಡಿದೆ, ಭಯ ಆಗ್ತಿದೆ ಅತ್ತೆ ಅಂದೆ. ಹಜಾರದಲ್ಲಿ ಗಂಡಸರಿದ್ರು, ಜೋರಾಗಿ ಹೇಳೋಕಾಗ್ಲಿಲ್ಲ. ನೀವು ಸರಿ ಸರಿ, ಹಂಡೆಗೆ ನೀರು ತುಂಬ್ಸು ಅಂದ್ರಿ."

"ತುಂಬ್ಸಿದ್ಯಾ?"

"ತುಂಬ್ಸ್ದೆ. ಇಲ್ಲಿಗೆ ಬಂದ್ಮೇಲೆ ಮಗು ನಿಲ್ಲಲಿಲ್ಲ."

ಒಳಗೆ ಗಿರಿಜಾಳ ತಾಯಿ ಬೀಸುತ್ತಿದ್ದ ಕಲ್ಲು ನಿಂತಿತು. ದಾಕ್ಷಾಯಣಮ್ಮ ಕೈ ಮುಂದೆ ಚಾಚಿ, ಮುಟ್ಟಲು ಧೈರ್ಯವಾಗದೆ ಹಿಂದಕ್ಕೆಳೆದುಕೊಂಡರು.

"ಕೇಳಿಸ್ತಾ ಅತ್ತೆ?" ಗಿರಿಜಾ ಮೊದಲಿನಷ್ಟೇ ಮೆಲ್ಲಗೆ ಕೇಳಿದಳು.

"ಕೇಳಿಸ್ತು."

ಬಿಸಿಲು ಜಗಲಿಯಿಂದ ಇಳಿಯಿತು. ಸಂಜೆಯ ರೈಲು ದೂರದಲ್ಲಿ ಸಿಳ್ಳೆ ಹಾಕಿತು.

"ನಿಮ್ಮ ರೈಲು," ಎಂದಳು ಗಿರಿಜಾ.

"ಹೋಗ್ಲಿ ಬುಡು."

ಗಿರಿಜಾ ಅವರೆಕಾಯಿಯ ಮೊರವನ್ನು ಇಬ್ಬರ ನಡುವೆ ಸರಿಸಿದಳು. ದಾಕ್ಷಾಯಣಮ್ಮ ಒಂದು ಬೊಗಸೆ ಕಾಯಿ ಮಡಿಲಿಗೆಳೆದುಕೊಂಡು ಬಿಡಿಸತೊಡಗಿದರು. ಅವರೆಯ ಸೊಗಡು ನಿಧಾನವಾಗಿ ಅವರ ಬೆರಳುಗಳಿಗೂ ಹತ್ತಿತು.